ನಲವತ್ತರ ಆಸುಪಾಸಿನಲ್ಲಿ ಎಂಬಿಎ: ಅರ್ಜಿ ತುಂಬುವ ಮೊದಲು



ಹದಿನೈದು ಇಪ್ಪತ್ತು ವರ್ಷ ನೌಕರಿ ಮಾಡಿ, ಈಗ ಮತ್ತೊಮ್ಮೆ ಪುಸ್ತಕ ಹಿಡಿಯಬೇಕೇ ಎಂದು ಯೋಚಿಸುತ್ತಿರುವವರಿಗಾಗಿ ಇಂದಿನ ಈ ಮಾತು. ಅವರ ಮನೆಯವರಿಗಾಗಿಯೂ ಹೌದು. ಏಕೆಂದರೆ ಈ ಓದಿನ ಅರ್ಧ ಭಾರ ಹೊರುವವರು ಮನೆಯವರೇ.

ನಮ್ಮ ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ಈ ಪ್ರಶ್ನೆ ಈಗ ಮನೆಮನೆಯಲ್ಲಿ ಕೇಳಿಬರುತ್ತಿದೆ. ಕಾರಣ ದೂರ ಹುಡುಕಬೇಕಾಗಿಲ್ಲ. ಥಾಣೆ–ಬೇಲಾಪುರ ರಸ್ತೆಯ ಇಕ್ಕೆಲಗಳಲ್ಲಿ ಒಂದು ಕಾಲಕ್ಕೆ ರಾಸಾಯನಿಕ ಕಾರ್ಖಾನೆಗಳೇ ತುಂಬಿದ್ದವು. ಈಗ ಐರೋಲಿ, ಮಹಾಪೆಗಳಲ್ಲಿ ಐಟಿ ಪಾರ್ಕುಗಳು ಎದ್ದಿವೆ. ಆಂಬಿವಲಿಯ ಎನ್‌ಆರ್‌ಸಿ ಕಾರ್ಖಾನೆ 2009ರಲ್ಲಿ ಬಾಗಿಲು ಹಾಕಿತು. ನಮ್ಮ ಕರಾವಳಿಯಲ್ಲಿ ಹುಟ್ಟಿ, ಮುಂಬಯಿಯ ಎಷ್ಟೋ ಕನ್ನಡಿಗರಿಗೆ ಅನ್ನ ಕೊಟ್ಟ ಮೂರು ಬ್ಯಾಂಕುಗಳ ಹೆಸರೇ ಈಗ ಇಲ್ಲ. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿಯೂ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿಯೂ ಸೇರಿಹೋದವು. ಇಪ್ಪತ್ತೈದನೆಯ ವಯಸ್ಸಿನಲ್ಲಿ ಸೇರಿದ ಕೆಲಸದಲ್ಲೇ ನಿವೃತ್ತಿ ಎಂಬ ಭರವಸೆ ಇಂದು ಯಾರಿಗೂ ಉಳಿದಿಲ್ಲ.

ಇದರ ಜೊತೆಗೆ ಇನ್ನೊಂದು ನೋವಿದೆ. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ತಾನು ಕೆಲಸ ಕಲಿಸಬೇಕಾದ ಮೂವತ್ತೆರಡರ ಹುಡುಗ ಎಂಬಿಎ ಮಾಡಿಕೊಂಡು ಬಂದು ತನಗೇ ಮೇಲಧಿಕಾರಿಯಾಗಿ ಕುಳಿತಾಗ, ಅಂದು ರಾತ್ರಿ ಮನೆಗೆ ಹೋಗುವ ಲೋಕಲ್ ಟ್ರೈನಿನಲ್ಲಿ ಮನಸ್ಸಿಗೆ ಬರುವ ಮೊದಲ ಯೋಚನೆ ಒಂದೇ: ನಾನೂ ಮಾಡಿಬಿಡುತ್ತೇನೆ. ಮೊಬೈಲ್ ತೆರೆದರೆ ಜಾಹೀರಾತು ಸಿದ್ಧವಾಗಿಯೇ ಇರುತ್ತದೆ. ಒಂದು ಫಾರ್ಮ್ ತುಂಬಿದರೆ ಸಾಕು, ಹತ್ತು ನಿಮಿಷದಲ್ಲಿ ಫೋನ್ ಬರುತ್ತದೆ. ‘ಸೀಟು ನಾಲ್ಕೇ ಉಳಿದಿವೆ ಸರ್’ ಎಂಬ ಮಾತೂ ಬರುತ್ತದೆ.

ಆ ಫೋನ್ ಬರುವ ಮೊದಲು ಮನೆಯಲ್ಲಿ ಕುಳಿತು ಮಾಡಬೇಕಾದ ಕೆಲವು ಲೆಕ್ಕಗಳನ್ನು ಇಂದು ನಿಮ್ಮ ಮುಂದಿಡುತ್ತೇನೆ.

ದುಡಿಯುತ್ತಾ ಓದುವುದು ಮುಂಬಯಿ ಕನ್ನಡಿಗರಿಗೆ ಹೊಸದೇನೂ ಅಲ್ಲ. ಊರು ಬಿಟ್ಟು ಬಂದ ಹುಡುಗರು ಹಗಲು ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದು ರಾತ್ರಿ ಶಾಲೆಗಳಲ್ಲಿ ಕಲಿತ ಕಥೆ ನಮ್ಮೆಲ್ಲರಿಗೂ ಗೊತ್ತು. 1902ರಲ್ಲಿ ಸ್ಥಾಪನೆಯಾದ ಮೊಗವೀರ ವ್ಯವಸ್ಥಾಪಕ ಮಂಡಳಿಯ ರಾತ್ರಿ ಶಾಲೆ, ಬಿಲ್ಲವರ ಅಸೋಸಿಯೇಷನ್ನಿನ ಗುರುನಾರಾಯಣ ರಾತ್ರಿ ಶಾಲೆ ಮೊದಲಾದವು ಎಷ್ಟು ಜನರನ್ನು ವಕೀಲರನ್ನಾಗಿ, ಲೆಕ್ಕಪರಿಶೋಧಕರನ್ನಾಗಿ, ಉದ್ಯಮಿಗಳನ್ನಾಗಿ ಮಾಡಿವೆ! ಆದರೆ ಅಂದಿನ ಆ ಹುಡುಗರಿಗೂ ಇಂದಿನ ನಲವತ್ತರ ನೌಕರರಿಗೂ ಒಂದು ವ್ಯತ್ಯಾಸವಿದೆ. ಅವರಿಗೆ ಏನು ಬೇಕು ಎಂಬುದು ಸ್ಪಷ್ಟವಿತ್ತು: ಮೆಟ್ರಿಕ್ ಪಾಸಾಗಬೇಕು, ಆಮೇಲೆ ಕಾಲೇಜು. ಫೀಸಿನ ಭಾರವೂ ಇಂದಿನಂತಿರಲಿಲ್ಲ. ಇಂದಿನವರಿಗೆ ದಾರಿಗಳು ಹಲವು, ಹಣದ ಮೊತ್ತ ದೊಡ್ಡದು, ಏನು ಬೇಕು ಎಂಬುದು ಮಾತ್ರ ಅಸ್ಪಷ್ಟ.

ಈ ಓದಿನ ಹಿನ್ನೆಲೆಯನ್ನು ಸ್ವಲ್ಪ ನೋಡೋಣ. ಕೆಲಸದಲ್ಲಿರುವ ಅನುಭವಿಗಳಿಗಾಗಿ ಎಕ್ಸಿಕ್ಯುಟಿವ್ ಎಂಬಿಎ ಎಂಬುದನ್ನು ಮೊದಲು ಆರಂಭಿಸಿದ್ದು ಅಮೆರಿಕದ ಚಿಕಾಗೋ ವಿಶ್ವವಿದ್ಯಾಲಯ, 1943ರಲ್ಲಿ. ನಮ್ಮಲ್ಲಿ ಪೊವಾಯಿಯ ನೀಟಿ ಸಂಸ್ಥೆ 1963ರಲ್ಲಿ ಹುಟ್ಟಿತು. ಅದೇ 2023ರಲ್ಲಿ ಐಐಎಂ ಮುಂಬಯಿ ಆಯಿತು. ಚರ್ಚ್‌ಗೇಟಿನಲ್ಲಿರುವ ಜಮನಾಲಾಲ್ ಬಜಾಜ್ ಸಂಸ್ಥೆಯನ್ನು ಮುಂಬಯಿ ವಿಶ್ವವಿದ್ಯಾಲಯ 1965ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬಿಸಿನೆಸ್ ಸ್ಕೂಲಿನ ನೆರವಿನಿಂದ ತೆರೆಯಿತು. ಅಲ್ಲಿನ ಮೂರು ವರ್ಷದ ಸಂಜೆ ಕೋರ್ಸುಗಳಲ್ಲಿ ಒಂದು ತಲೆಮಾರಿನ ಮುಂಬಯಿ ಮ್ಯಾನೇಜರುಗಳೇ ತಯಾರಾದರು. ಬೆಂಗಳೂರಿನ ಐಐಎಂ 1998ರಲ್ಲಿ ಸಾಫ್ಟ್‌ವೇರ್ ಕಂಪನಿಗಳ ನೌಕರರಿಗಾಗಿಯೇ ಒಂದು ವಾರಾಂತ್ಯದ ಕೋರ್ಸನ್ನು ಆರಂಭಿಸಿತು. ಅಂದರೆ ಇದು ಗಟ್ಟಿ ಬೇರಿರುವ ಓದು. ಮೋಸದ ವ್ಯಾಪಾರ ಎಂದು ತಳ್ಳಿಹಾಕುವಂಥದ್ದಲ್ಲ.

ಉದಾಹರಣೆ ಕೇಳಿದರೆ ಎಲ್ಲರೂ ಹೇಳುವ ಹೆಸರು ಸತ್ಯ ನಾದೆಲ್ಲ ಅವರದು. ನಮ್ಮ ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದಿದ ಅವರು 1992ರಲ್ಲಿ ಮೈಕ್ರೋಸಾಫ್ಟ್ ಸೇರಿದರು. ಕೆಲಸ ಬಿಡದೆ, ವಾರಾಂತ್ಯಗಳಲ್ಲಿ ವಿಮಾನ ಹತ್ತಿ ಚಿಕಾಗೋಗೆ ಹೋಗಿ ಬಂದು, 1997ರಲ್ಲಿ ಎಂಬಿಎ ಮುಗಿಸಿದರು. ಮೆಚ್ಚಬೇಕಾದ ಶ್ರಮ. ಆದರೆ ಎರಡು ಸಂಗತಿಗಳನ್ನು ಗಮನಿಸಿ. ಪದವಿ ಬಂದಾಗ ಅವರ ವಯಸ್ಸು ಮೂವತ್ತರ ಆಸುಪಾಸು. ಕಂಪನಿಯ ಮುಖ್ಯಸ್ಥರಾದದ್ದು 2014ರಲ್ಲಿ, ಅಂದರೆ ಹದಿನೇಳು ವರ್ಷಗಳ ನಂತರ. ಈ ನಡುವೆ ಅವರನ್ನು ಬೆಳೆಸಿದ್ದು ಅವರು ಮಾಡಿದ ಕೆಲಸ. ನಲವತ್ತೈದಕ್ಕೆ ಓದು ಆರಂಭಿಸಿ ಐವತ್ತೆಂಟಕ್ಕೆ ನಿವೃತ್ತರಾಗುವವರಿಗೆ ಹದಿನೇಳು ವರ್ಷ ಕಾಯುವ ಅವಕಾಶವಿಲ್ಲ. ಆದ್ದರಿಂದ ಅವರ ಲೆಕ್ಕವೇ ಬೇರೆ.

ಆ ಲೆಕ್ಕದ ಮೊದಲ ಸಾಲು ಇದು: ಈ ಪದವಿಯಿಂದ ನನಗೆ ಆಗಬೇಕಾದ ಕೆಲಸ ಯಾವುದು? ಇದನ್ನು ಒಂದೇ ವಾಕ್ಯದಲ್ಲಿ ಕಾಗದದ ಮೇಲೆ ಬರೆಯಿರಿ. ‘ಮುಂದೆ ಬರಬೇಕು’ ಎಂದು ಬರೆದರೆ ಅದು ಉತ್ತರವಾಗುವುದಿಲ್ಲ. ‘ನಮ್ಮ ಕಂಪನಿಯಲ್ಲಿ ಪ್ಲಾಂಟ್ ಮ್ಯಾನೇಜರ್ ಆಗಲು ಸ್ನಾತಕೋತ್ತರ ಪದವಿ ಕಡ್ಡಾಯ, ನನ್ನಲ್ಲಿ ಅದೊಂದೇ ಇಲ್ಲ’ ಎಂದು ಬರೆದರೆ ಅದು ಉತ್ತರ.

ಹೀಗೆ ಬರೆಯಲು ಕುಳಿತಾಗ ಜನರು ಸಾಮಾನ್ಯವಾಗಿ ನಾಲ್ಕು ಗುಂಪುಗಳಾಗಿ ಕಾಣಿಸುತ್ತಾರೆ. ಮೊದಲನೆಯವರು ಇರುವ ಕಂಪನಿಯಲ್ಲೇ ಮೇಲಕ್ಕೆ ಹೋಗಬೇಕಾದವರು. ಇವರು ಸಂಸ್ಥೆಯ ಹೆಸರಿಗಿಂತ ಮೊದಲು ತಮ್ಮ ಎಚ್‌ಆರ್ ವಿಭಾಗವನ್ನು ವಿಚಾರಿಸಬೇಕು. ಯಾವ ಪದವಿಗೆ ಅಲ್ಲಿ ಬೆಲೆಯಿದೆ, ಫೀಸಿನಲ್ಲಿ ಪಾಲು ಕೊಡುತ್ತಾರೆಯೇ, ಕೊಟ್ಟರೆ ಎಷ್ಟು ವರ್ಷದ ಬಾಂಡ್ ಬರೆಯಬೇಕು, ಇವುಗಳನ್ನು ಬರವಣಿಗೆಯಲ್ಲಿ ಕೇಳಿ ಪಡೆಯಬೇಕು. ಎರಡನೆಯವರು ಕ್ಷೇತ್ರ ಬದಲಿಸಬೇಕಾದವರು. ಉತ್ಪಾದನೆಯಿಂದ ಹಣಕಾಸಿಗೆ, ಮಾರಾಟದಿಂದ ಲಾಜಿಸ್ಟಿಕ್ಸಿಗೆ. ಇವರಿಗೆ ಸಂಸ್ಥೆಯ ಹೆಸರೂ ಸಹಪಾಠಿಗಳ ಪರಿಚಯವೂ ಮುಖ್ಯ. ಮೂರನೆಯವರು ಸ್ವಂತ ವ್ಯವಹಾರದವರು, ವಾಶಿಯ ಹೋಟೆಲಿನವರಿಂದ ಡೊಂಬಿವಲಿ ಎಂಐಡಿಸಿಯ ಸಣ್ಣ ಕಾರ್ಖಾನೆಯವರವರೆಗೆ. ಇವರಿಗೆ ಎರಡು ವರ್ಷದ ಪದವಿಗಿಂತ ಲೆಕ್ಕಪತ್ರ, ತೆರಿಗೆ, ಸಾಲದ ನಿರ್ವಹಣೆಗಳ ಆರು ತಿಂಗಳ ಓದು ಹೆಚ್ಚು ಉಪಯೋಗಕ್ಕೆ ಬರಬಹುದು.

ನಾಲ್ಕನೆಯವರು ಮನಸ್ಸಿನ ಸಮಾಧಾನಕ್ಕಾಗಿ ಓದುವವರು. ಆಗ ಮನೆಯ ಪರಿಸ್ಥಿತಿಯಿಂದ ಓದಲಾಗಲಿಲ್ಲ, ಈಗಲಾದರೂ ಓದಬೇಕು ಎನ್ನುವವರು. ಇದು ಸಣ್ಣ ಕಾರಣವೆಂದು ಯಾರೂ ಹೇಳಕೂಡದು. ಮುನಿಸಿಪಲ್ ಕನ್ನಡ ಶಾಲೆಯಲ್ಲಿ ಕಲಿತು, ಹದಿನೆಂಟಕ್ಕೆ ಕೆಲಸಕ್ಕೆ ಸೇರಿ, ರಾತ್ರಿ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿದವರಿಗೆ ಈ ಆಸೆ ಎಷ್ಟು ಆಳವಾದುದು ಎಂಬುದು ಅವರಿಗೇ ಗೊತ್ತು. ಆದರೆ ಕಾರಣ ಸಮಾಧಾನವೇ ಆಗಿದ್ದರೆ ಹತ್ತು ಲಕ್ಷದ ಸಾಲ ಬೇಡ. 1985ರಲ್ಲಿ ಆರಂಭವಾದ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದಂಥ ಕಡೆ ಕಡಿಮೆ ಖರ್ಚಿನಲ್ಲಿ ಗೌರವದ ಪದವಿಯೇ ದೊರೆಯುತ್ತದೆ.

ಈಗ ಹಣದ ಲೆಕ್ಕ. ಉದಾಹರಣೆಗೆ ಫೀಸು 10 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳೋಣ. ಶೇಕಡ 10ರ ಬಡ್ಡಿಗೆ ಐದು ವರ್ಷದ ಸಾಲ ತೆಗೆದರೆ ತಿಂಗಳ ಕಂತು ಸುಮಾರು 21,250 ರೂಪಾಯಿ. ಒಟ್ಟು ಕಟ್ಟುವುದು ಸುಮಾರು 12 ಲಕ್ಷ 75 ಸಾವಿರ. ನೀವು ಶೇಕಡ 30ರ ತೆರಿಗೆ ಹಂತದಲ್ಲಿದ್ದರೆ, ಈ ಕಂತನ್ನು ತುಂಬಲು ಸಂಬಳ ತಿಂಗಳಿಗೆ 30 ಸಾವಿರಕ್ಕಿಂತ ಹೆಚ್ಚು ಏರಬೇಕು. ಅದೂ ಓದಿನ ಕಾರಣದಿಂದಲೇ ಏರಬೇಕು. ಪ್ರತಿ ವರ್ಷ ಹೇಗೂ ಬರುವ ಇನ್‌ಕ್ರಿಮೆಂಟನ್ನು ಈ ಲೆಕ್ಕಕ್ಕೆ ಸೇರಿಸಿಕೊಳ್ಳಬಾರದು. ಶಿಕ್ಷಣ ಸಾಲದ ಬಡ್ಡಿಗೆ ಆದಾಯ ತೆರಿಗೆಯಲ್ಲಿ ಎಂಟು ವರ್ಷದವರೆಗೆ ಕಡಿತ ಸಿಗುತ್ತದೆ, ನಿಜ. ಆದರೆ ಅದು ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಮಾತ್ರ.

ಇದರ ಪಕ್ಕದಲ್ಲಿ ಇನ್ನೊಂದು ಅಂಕಣ ಬರೆಯಿರಿ: ಮಕ್ಕಳ ಓದು. ನಿಮಗೆ ನಲವತ್ತಮೂರು ಇರುವಾಗ ಮಗಳು ಹನ್ನೊಂದನೆಯ ತರಗತಿಯಲ್ಲಿರಬಹುದು. ನಿಮ್ಮ ಎರಡನೆಯ ವರ್ಷದ ಫೀಸು ಮತ್ತು ಅವಳ ಕಾಲೇಜಿನ ಮೊದಲ ಫೀಸು ಒಂದೇ ಜೂನ್ ತಿಂಗಳಲ್ಲಿ ಬಂದರೆ ಯಾವುದನ್ನು ಮೊದಲು ಕಟ್ಟುತ್ತೀರಿ? ಉತ್ತರ ನಮಗೆಲ್ಲ ಗೊತ್ತು. ಅದಕ್ಕೇ ಅದನ್ನು ಈಗಲೇ ಬರೆದಿಡಬೇಕು. ಮನೆಸಾಲದ ಕಂತು ಇನ್ನೂ ನಡೆಯುತ್ತಿದ್ದರೆ ಅದೂ ಈ ಅಂಕಣಕ್ಕೆ ಸೇರುತ್ತದೆ. ಭವಿಷ್ಯನಿಧಿಯನ್ನು ಮುರಿದು ಫೀಸು ಕಟ್ಟುವ ಯೋಚನೆಯಿದ್ದರೆ, ದಯವಿಟ್ಟು ಅದನ್ನು ಕೈಬಿಡಿ. ಓದಿಗೆ ಸಾಲ ಸಿಗುತ್ತದೆ, ನಿವೃತ್ತಿಯ ನಂತರದ ಬದುಕಿಗೆ ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ.

ಎರಡನೆಯದು ಸಮಯದ ಲೆಕ್ಕ. ಜಾಹೀರಾತಿನಲ್ಲಿ ‘ವಾರಾಂತ್ಯದ ತರಗತಿ’ ಎಂದಿರುತ್ತದೆ. ಅಲ್ಲಿಗೆ ತಲಪುವುದು ಹೇಗೆಂದು ಇರುವುದಿಲ್ಲ. ಡೊಂಬಿವಲಿಯಿಂದ ಪೊವಾಯಿಗೆ ಹೋಗಿ ಬರಲು ಮನೆಬಾಗಿಲಿನಿಂದ ಲೆಕ್ಕ ಹಾಕಿದರೆ ಮೂರು ಗಂಟೆಯಾದರೂ ಬೇಕು ಎಂದಿಟ್ಟುಕೊಳ್ಳಿ. ಶನಿವಾರ, ಭಾನುವಾರ ಎರಡು ದಿನ, ವರ್ಷಕ್ಕೆ ನಲವತ್ತು ವಾರ, ಎರಡು ವರ್ಷ. ಒಟ್ಟು 480 ಗಂಟೆ. ಅಂದರೆ ಬರೀ ಪ್ರಯಾಣಕ್ಕೇ ಹಗಲು ರಾತ್ರಿ ಸೇರಿ ಇಪ್ಪತ್ತು ದಿನ. ಭಾನುವಾರದ ಮೆಗಾಬ್ಲಾಕ್ ಅನುಭವ ಇರುವ ಸೆಂಟ್ರಲ್ ಮತ್ತು ಹಾರ್ಬರ್ ಲೈನಿನವರಿಗೆ ನಾನು ಹೆಚ್ಚು ವಿವರಿಸಬೇಕಾಗಿಲ್ಲ.

ಆದ್ದರಿಂದ ನಮ್ಮ ಭಾಗದವರು ಸಂಸ್ಥೆಗಳ ಪಟ್ಟಿಯನ್ನು ರೈಲ್ವೆ ನಕ್ಷೆಯ ಪಕ್ಕದಲ್ಲಿಟ್ಟು ನೋಡಬೇಕು. 2004ರಲ್ಲಿ ಥಾಣೆ–ವಾಶಿ ಲೈನು ಆದ ಮೇಲೆ ಕಲ್ಯಾಣ, ಡೊಂಬಿವಲಿಯವರಿಗೆ ನವಿಮುಂಬಯಿ ಹತ್ತಿರವಾಗಿದೆ. ನೆರೂಲಿನಲ್ಲಿ ಎಸ್‌ಐಇಎಸ್ ಸಂಸ್ಥೆಯಿದೆ, ಖಾರ್ಘರಿನಲ್ಲಿ ಎನ್‌ಎಂಐಎಂಎಸ್ ಕ್ಯಾಂಪಸ್ ಇದೆ. ಸೆಂಟ್ರಲ್ ಲೈನಿನಲ್ಲಿಯೇ ಮಾಟುಂಗದಲ್ಲಿ ವೆಲಿಂಗ್‌ಕರ್ ಸಂಸ್ಥೆಯಿದೆ. ಈ ವರ್ಷ ಎಲ್ಲಿ ಯಾವ ಕೋರ್ಸು, ಯಾವ ವೇಳೆಯಲ್ಲಿ ನಡೆಯುತ್ತದೆ ಎಂಬುದನ್ನು ಆಯಾ ಸಂಸ್ಥೆಯ ಕಚೇರಿಯಲ್ಲಿಯೇ ಕೇಳಿ ತಿಳಿಯಿರಿ. ಮಧ್ಯವರ್ತಿಗಳ ಮಾತಿನ ಮೇಲೆ ಹೋಗಬೇಡಿ.

ತರಗತಿಯ ವೇಳೆಯಷ್ಟೇ ಮುಖ್ಯವಾದದ್ದು ಮನೆಯ ಓದು. ಓದು, ಅಸೈನ್‌ಮೆಂಟು, ಗುಂಪಿನ ಕೆಲಸ ಎಲ್ಲ ಸೇರಿ ವಾರಕ್ಕೆ ಎಂಟು ಹತ್ತು ಗಂಟೆ ಬೇಕಾಗುತ್ತದೆ. ರಾತ್ರಿ ಒಂಬತ್ತಕ್ಕೆ ಮನೆ ಸೇರುವವರು ಇದನ್ನು ಎಲ್ಲಿಂದ ತರುತ್ತಾರೆ? ನಿದ್ದೆಯಿಂದ, ಇಲ್ಲವೇ ಮನೆಯವರ ಪಾಲಿನಿಂದ. ಊರಿನಿಂದ ಬಂದ ತಂದೆ ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯುವವರು ಯಾರು, ಮಕ್ಕಳ ಪರೀಕ್ಷೆಯ ದಿನಗಳಲ್ಲಿ ಮನೆಯಲ್ಲಿರುವವರು ಯಾರು, ನೆಂಟರ ಮದುವೆಗೆ ಮಂಗಳೂರಿಗೋ ಹುಬ್ಬಳ್ಳಿಗೋ ಹೋಗುವವರು ಯಾರು, ಇದೆಲ್ಲ ಮೊದಲೇ ಮಾತಾಗಬೇಕು. ಹೆಣ್ಣುಮಕ್ಕಳ ವಿಷಯದಲ್ಲಿ ಈ ಮಾತು ಇನ್ನೂ ಅಗತ್ಯ. ಗಂಡ ಓದಲು ಕುಳಿತರೆ ಮನೆಯವರು ಟಿವಿ ಸದ್ದು ಕಡಿಮೆ ಮಾಡುತ್ತಾರೆ. ಹೆಂಡತಿ ಓದಲು ಕುಳಿತರೆ ಕುಕ್ಕರಿನ ಸೀಟಿ ಎಣಿಸುವ ಕೆಲಸವೂ ಅವಳದೇ ಆಗಿರುತ್ತದೆ. ನಲವತ್ತರಲ್ಲಿ ಓದಲು ಹೊರಟ ಸೋದರಿಯರು ಅಡುಗೆಮನೆಯ ಪಾಳಿಯನ್ನು ಮೊದಲು ನಿಗದಿ ಮಾಡಿಸಿಕೊಂಡು, ಆಮೇಲೆ ಅರ್ಜಿ ತುಂಬುವುದು ಒಳ್ಳೆಯದು.

ಪ್ರಯಾಣ ಬೇಡವೆಂದರೆ ಆನ್‌ಲೈನ್ ಕೋರ್ಸುಗಳಿವೆ. ಮಾನ್ಯತೆ ಪಡೆದ ಸಂಸ್ಥೆಯ ಆನ್‌ಲೈನ್ ಹಾಗೂ ದೂರಶಿಕ್ಷಣದ ಪದವಿಗಳು ತರಗತಿಗೆ ಹೋಗಿ ಪಡೆದ ಪದವಿಗೆ ಸಮಾನವೆಂದು ಯುಜಿಸಿ 2022ರಲ್ಲಿ ಸ್ಪಷ್ಟಪಡಿಸಿದೆ. ಆದರೆ ‘ಮಾನ್ಯತೆ ಪಡೆದ’ ಎಂಬ ಮಾತಿನ ಮೇಲೆ ಗಮನವಿರಲಿ. ಇಲ್ಲಿ ಮೂರು ಪರೀಕ್ಷೆ ಮಾಡಿ.

ಒಂದು, ಆನ್‌ಲೈನ್ ಅಥವಾ ದೂರಶಿಕ್ಷಣವಾದರೆ ಯುಜಿಸಿಯ ದೂರಶಿಕ್ಷಣ ಮಂಡಳಿಯ ಪಟ್ಟಿಯಲ್ಲಿ ಆ ವಿಶ್ವವಿದ್ಯಾಲಯದ ಹೆಸರೂ ಆ ಕೋರ್ಸಿನ ಹೆಸರೂ ನೀವು ಸೇರುವ ವರ್ಷಕ್ಕೆ ಇವೆಯೇ ನೋಡಿ. ವಿಶ್ವವಿದ್ಯಾಲಯವಲ್ಲದ ಖಾಸಗಿ ಸಂಸ್ಥೆಯ ಪಿಜಿಡಿಎಂ ಆದರೆ ಎಐಸಿಟಿಇಯ ಅನುಮೋದನೆ ನೋಡಿ.

ಎರಡು, ಕೊನೆಯಲ್ಲಿ ಕೈಗೆ ಬರುವ ಕಾಗದ ಯಾವುದು? ಪದವಿಯೋ, ಡಿಪ್ಲೊಮಾವೋ, ಬರೀ ಸರ್ಟಿಫಿಕೇಟೋ? ಐಐಎಂಗಳು ಕೂಡ 2017ರ ಕಾಯಿದೆ ಜಾರಿಯಾಗುವವರೆಗೆ ಪದವಿ ಕೊಡುತ್ತಿರಲಿಲ್ಲ, ಡಿಪ್ಲೊಮಾ ಕೊಡುತ್ತಿದ್ದವು. ಇಂದು ಪದವಿ ಕೊಡುತ್ತವೆ. ಆದರೆ ಐಐಎಂ ಹೆಸರಿನಲ್ಲಿ ಬರುವ ಕೆಲವು ತಿಂಗಳುಗಳ ಕೋರ್ಸುಗಳೆಲ್ಲ ಎಂಬಿಎ ಅಲ್ಲ. ಫೀಸಿನ ರಸೀದಿಯೇ ಒಂದು ಸುಳಿವು ಕೊಡುತ್ತದೆ: ಮಾನ್ಯ ಪದವಿಯ ಫೀಸಿಗೆ ಜಿಎಸ್‌ಟಿ ಇಲ್ಲ, ಅಲ್ಪಾವಧಿಯ ಸರ್ಟಿಫಿಕೇಟ್ ಕೋರ್ಸಿಗೆ ಸಾಮಾನ್ಯವಾಗಿ ಶೇಕಡ 18 ಸೇರುತ್ತದೆ. ಸರ್ಟಿಫಿಕೇಟಿನಿಂದ ಉಪಯೋಗವಿಲ್ಲವೆಂದಲ್ಲ. ಅದನ್ನು ಪದವಿಯೆಂದು ತಿಳಿದು ಹಣ ಕಟ್ಟಬಾರದು, ಅಷ್ಟೇ.

ಮೂರು, ವಿದೇಶಿ ವಿಶ್ವವಿದ್ಯಾಲಯದ ಹೆಸರು ಹೇಳುವ ಕಂಪನಿಗಳು. ನಿಯಮಕ್ಕೆ ಒಳಪಡದ ಇಂಥ ಜೋಡಣೆಗಳ ಪದವಿಗೆ ಮಾನ್ಯತೆಯಿಲ್ಲವೆಂದು ಯುಜಿಸಿ 2023ರ ಡಿಸೆಂಬರಿನಲ್ಲಿ ಎಚ್ಚರಿಸಿತ್ತು. 2024ರಲ್ಲಿ ‘ಹತ್ತು ದಿನದ ಎಂಬಿಎ’ ಎಂಬುದರ ಬಗೆಗೂ ಎಚ್ಚರಿಕೆ ಕೊಡಬೇಕಾಯಿತು. ಹತ್ತು ದಿನದಲ್ಲಿ ಎಂಬಿಎ ಆಗುವುದಿಲ್ಲವೆಂದು ಹೇಳಲು ಯುಜಿಸಿಯೇ ಬೇಕಾಯಿತು ಎಂದರೆ, ಕೊಳ್ಳುವವರೂ ಇದ್ದರು ಎಂದೇ ಅರ್ಥ.

ಮಾನ್ಯತೆ ಸರಿಯಾಗಿದ್ದರೆ ಮುಂದಿನ ಹೆಜ್ಜೆ ಮನುಷ್ಯರನ್ನು ಕಾಣುವುದು. ಆ ಕೋರ್ಸನ್ನು ಮೂರು ನಾಲ್ಕು ವರ್ಷದ ಹಿಂದೆ ಮುಗಿಸಿದವರಲ್ಲಿ ನಿಮ್ಮ ವಯಸ್ಸಿನವರೇ ಆದ ಇಬ್ಬರನ್ನು ಹುಡುಕಿ ಮಾತನಾಡಿ. ಸಂಸ್ಥೆಯವರು ತಾವಾಗಿ ತೋರಿಸುವವರ ಬದಲು ನೀವೇ ಪತ್ತೆಮಾಡಿದವರಾದರೆ ಉತ್ತಮ. ನಮ್ಮ ಕನ್ನಡ ಸಂಘಗಳಲ್ಲಿ ವಿಚಾರಿಸಿದರೆ ಒಬ್ಬರಾದರೂ ಸಿಗುತ್ತಾರೆ. ಅವರಿಗೆ ಮೂರು ಪ್ರಶ್ನೆ ಕೇಳಿ. ನಿಮ್ಮ ಕೆಲಸದಲ್ಲಿ ನಿಜವಾಗಿ ಏನು ಬದಲಾಯಿತು? ತರಗತಿಯ ಸರಾಸರಿ ವಯಸ್ಸು ಎಷ್ಟಿತ್ತು? ಕ್ಯಾಂಪಸ್ ಸಂದರ್ಶನಕ್ಕೆ ಬಂದ ಕಂಪನಿಗಳು ನಲವತ್ತು ದಾಟಿದವರನ್ನು ಮಾತನಾಡಿಸಿದವೇ? ಕೊನೆಯ ಪ್ರಶ್ನೆಗೆ ಬರುವ ಉತ್ತರ ಜಾಹೀರಾತಿನ ಹತ್ತು ಪುಟಕ್ಕಿಂತ ಹೆಚ್ಚು ತಿಳಿಸುತ್ತದೆ.

ಇಂಗ್ಲಿಷಿನ ಬಗ್ಗೆಯೂ ಒಂದು ಮಾತು. ಕನ್ನಡ ಮಾಧ್ಯಮದಲ್ಲಿ ಕಲಿತವರು ಇದೊಂದೇ ಅಂಜಿಕೆಯಿಂದ ಹಿಂದೆ ಸರಿಯುವುದುಂಟು. ಇಪ್ಪತ್ತು ವರ್ಷ ಇಂಗ್ಲಿಷಿನಲ್ಲಿಯೇ ವರದಿ ಬರೆದು, ಮೀಟಿಂಗ್ ನಡೆಸಿದವರಿಗೆ ತರಗತಿಯ ಇಂಗ್ಲಿಷ್ ಹೆಚ್ಚಿನದೇನೂ ಅಲ್ಲ. ಹೆಚ್ಚು ತೊಂದರೆ ಕೊಡುವುದು ಬಿಟ್ಟುಹೋದ ಗಣಿತ, ಅಂಕಿ ಅಂಶಗಳ ಅಭ್ಯಾಸ. ಮಕ್ಕಳ ಹನ್ನೆರಡನೆಯ ತರಗತಿಯ ಪುಸ್ತಕ ತೆಗೆದು ಮೂರು ತಿಂಗಳು ಮೊದಲೇ ಕುಳಿತರೆ ಅದೂ ಹಿಡಿತಕ್ಕೆ ಬರುತ್ತದೆ.

ಇಷ್ಟೆಲ್ಲ ನೋಡಿದ ಮೇಲೆ ಓದುವುದು ಬೇಡ ಎಂಬ ಉತ್ತರ ಬಂದರೆ ಅದೂ ಒಂದು ಒಳ್ಳೆಯ ನಿರ್ಧಾರವೇ. ಬ್ಯಾಂಕಿನವರಿಗೆ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಬ್ಯಾಂಕಿಂಗ್ ಅಂಡ್ ಫೈನಾನ್ಸ್ ನಡೆಸುವ ಸಿಎಐಐಬಿ ಪರೀಕ್ಷೆ ಇದೆ; ಖರ್ಚು ಕಡಿಮೆ, ಪಾಸಾದರೆ ಸಂಬಳದಲ್ಲಿಯೂ ಕಾಣುತ್ತದೆ. ಪ್ರಾಜೆಕ್ಟ್ ನೋಡಿಕೊಳ್ಳುವವರಿಗೆ ಪಿಎಂಪಿ ಇದೆ. ಕಾರ್ಖಾನೆಯವರಿಗೆ ಗುಣಮಟ್ಟ, ಸುರಕ್ಷತೆಯ ಕೋರ್ಸುಗಳಿವೆ. ಕೆಲಸ ಈಗಾಗಲೇ ಅಲುಗಾಡುತ್ತಿರುವವರು ಮಾತ್ರ ಒಂದು ಎಚ್ಚರ ವಹಿಸಬೇಕು. ಕಂಪನಿ ಜನರನ್ನು ಕಡಿಮೆ ಮಾಡುತ್ತಿರುವ ಹೊತ್ತಿನಲ್ಲಿ ದೊಡ್ಡ ಸಾಲ ಮಾಡಿ ಎರಡು ವರ್ಷದ ಓದಿಗೆ ಇಳಿಯುವುದಕ್ಕಿಂತ, ಕೈಯಲ್ಲಿ ಆರು ತಿಂಗಳ ಮನೆಖರ್ಚು ಇಟ್ಟುಕೊಂಡು ಬೇರೆ ಕೆಲಸ ಹುಡುಕುವುದು ಮೊದಲಾಗಬೇಕು. ಆಮೇಲೆ ಓದು.

ಓದಲೇಬೇಕು ಎಂಬ ಉತ್ತರ ಬಂದವರಿಗೆ ಒಂದು ಸಣ್ಣ ಪ್ರಯೋಗ ಹೇಳುತ್ತೇನೆ. ಒಂದು ಪೈಸೆಯನ್ನೂ ಕಟ್ಟುವ ಮೊದಲು, ಮುಂದಿನ ನಾಲ್ಕು ಭಾನುವಾರ ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಒಂದರವರೆಗೆ ಪುಸ್ತಕ ಹಿಡಿದು ಕುಳಿತುಕೊಳ್ಳಿ. ಗ್ರಂಥಾಲಯದಿಂದ ಲೆಕ್ಕಶಾಸ್ತ್ರದ ಒಂದು ಪುಸ್ತಕ ತಂದರೆ ಸಾಕು. ಫೋನ್ ಇನ್ನೊಂದು ಕೋಣೆಯಲ್ಲಿರಲಿ. ನಾಲ್ಕನೆಯ ಭಾನುವಾರ ಊಟಕ್ಕೆ ಕುಳಿತಾಗ ಮನೆಯವರನ್ನು ಕೇಳಿ: ಹೀಗೆಯೇ ಇನ್ನು ನೂರು ಭಾನುವಾರ ನಡೆದೀತೇ? ಅವರು ಹೂಂ ಎಂದರೆ, ನಿಮಗೂ ಐದನೆಯ ಭಾನುವಾರ ಕುಳಿತುಕೊಳ್ಳುವ ಮನಸ್ಸಿದ್ದರೆ, ಧೈರ್ಯವಾಗಿ ಅರ್ಜಿ ತುಂಬಿ. ಆಗ ಫೋನಿನಲ್ಲಿ ಯಾರು ಏನೇ ಅವಸರ ಮಾಡಿದರೂ ನಿಮಗೆ ಏನು ಬೇಕೆಂಬುದು ನಿಮಗೆ ಗೊತ್ತಿರುತ್ತದೆ.

ಓದಲು ಹೊರಟವರಿಗೂ, ಅವರಿಗಾಗಿ ಮನೆ ನಡೆಸುವವರಿಗೂ ಶುಭವಾಗಲಿ.